ಎಡಗಡೆಯ ಸೀಟು

ಬೂರುಗದ ಹತ್ತಿಯಿಂದ ಬೀಜ ಬಿಡಿಸುತ್ತಾ ಕೂತಿದ್ದೆ. ಮೂಗಿಗೆ ಸೆರಗು ಕಟ್ಟಿಕೊಂಡು, ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡು ಮಾಡಬೇಕಾದ ಕೆಲಸ ಅದು. ಸಣ್ಣ ಗಾಳಿ ಬಂದರೂ ಸಾಕು, ಹತ್ತಿ ಹಾರಿ ದೇವರ ಗೂಡಿನ ದೀಪದವರೆಗೂ ಹೋಗಿಬಿಡುತ್ತದೆ. ಮನೆಗೆ ಎರಡು ದಿಂಬು ಬೇಕಾಗಿತ್ತು. ಹಳೆಯವು ಗಂಟುಗಂಟಾಗಿ, ತಲೆ ಇಟ್ಟರೆ ಕಲ್ಲಿನ ಮೇಲೆ ಇಟ್ಟ ಹಾಗೆ ಆಗುತ್ತಿತ್ತು. ಅಷ್ಟರಲ್ಲಿ ನಮ್ಮವರು ಹೊರಗಿನಿಂದ ಕೂಗಿದರು.

"ಬಾಗ್ಲು ತೆಗಿ ಮಾರಾಯ್ತಿ. ಒಂದು ಸುದ್ದಿ ಉಂಟು."

"ಹತ್ತಿ ಹಾರ್ತದೆ. ಅಲ್ಲಿಂದ್ಲೇ ಹೇಳಿ."

"ಅಮ್ಮಾವ್ರು ಒಂದು ಕಾರು ಮಾರ್ತಾರಂತೆ."

ನನ್ನ ಕೈ ನಿಂತಿತು. "ಯಾವ್ದು?"

"ಅದನ್ನೇ ಹೇಳ್ಲಿಲ್ಲ ನೋಡು."

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ಬಣಕಲ್‌ನಿಂದ ಸ್ವಲ್ಪ ಒಳಗಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ನಮ್ಮವರು ಡ್ರೈವರ್ ಆಗಿದ್ದರು. ಕೆಲಸದ ಜೊತೆಗೆ ಬಂದದ್ದು ನಾವಿದ್ದ ಎರಡು ಕೋಣೆಯ ಮನೆ. ಬಂಗಲೆಯ ಯಜಮಾನರು ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದೆವು. ಶೆಡ್ಡಿನಲ್ಲಿ ಎರಡು ಕಾರುಗಳಿದ್ದವು. ಒಂದು ಯಜಮಾನರ ಅಪ್ಪನ ಕಾಲದ ಕಪ್ಪು ಕಾರು, ಬಾಗಿಲ ಕೆಳಗೆ ಮೆಟ್ಟಿಲಿನ ಹಾಗೆ ಉದ್ದದ ಹಲಗೆ ಇದ್ದದ್ದು. ಇನ್ನೊಂದು ಕೆಂಪು ಕಾರು. ತನ್ನ ದೇಶಕ್ಕೆ ಹೊರಟ ಒಬ್ಬಂಟಿ ಇಂಗ್ಲಿಷ್ ದೊರೆಯಿಂದ ಯಜಮಾನರು ತಾವಾಗಿ ಕೊಂಡದ್ದು. ಅದಕ್ಕೆ ಎರಡೇ ಸೀಟು, ಮೇಲೆ ಮಡಚಿಡುವ ಕ್ಯಾನ್ವಾಸ್ ಹುಡ್.

ಕಪ್ಪು ಕಾರು ಹೋದರೆ ಡ್ರೈವರ್ ಬೇಕಾಗಿಲ್ಲ. ಕೆಂಪು ಕಾರಿಗೆ ಹಿಂದಿನ ಸೀಟೇ ಇಲ್ಲ. ಡ್ರೈವರ್ ಪಕ್ಕದಲ್ಲಿ ಬಂಗಲೆಯ ಅಮ್ಮಾವ್ರು ಕೂರುವುದು ನಮ್ಮ ಕಡೆ ಕನಸಿನಲ್ಲೂ ಆಗದ ಮಾತು. ಪೇಟೆ ಕೆಲಸಕ್ಕೆ ತೋಟದ ಲೆಕ್ಕ ಬರೆಯುವ ರೈಟರ್ ಓಡಿಸುವ ಜೀಪು ಇದ್ದೇ ಇತ್ತು. ಉಪಯೋಗಕ್ಕೆಂದು ಇಟ್ಟುಕೊಂಡರೆ ಕಪ್ಪು, ಸತ್ತವರ ನೆನಪಿಗೆಂದು ಇಟ್ಟುಕೊಂಡರೆ ಕೆಂಪು. ಯಾವುದು ಉಳಿಯುತ್ತದೋ ಅದರ ಮೇಲೆ ನಮ್ಮ ಮನೆ.

ಮಂಗಳೂರು ಕಡೆಯವರೊಬ್ಬರು, ಹಳೇ ಕಾರುಗಳ ಹುಚ್ಚಿನವರು, ಮುಂದಿನದರ ಮುಂದಿನ ಭಾನುವಾರ ಬರುವವರಿದ್ದರು. ಅಷ್ಟರಲ್ಲಿ ಎರಡೂ ಕಾರಿನ ಸೀಟು ಸರಿಯಾಗಬೇಕು. ಚಿಕ್ಕಮಗಳೂರಿನ ಸೀಟು ಹೊಲಿಯುವವರು ತಿಂಗಳಾಗುತ್ತದೆ ಎಂದರಂತೆ. ಬಂಗಲೆಯ ಹಾಸಿಗೆ ದಿಂಬು ಪ್ರತಿ ವರ್ಷ ಹೊಲಿಯುತ್ತಿದ್ದವಳು ನಾನು. ಅಮ್ಮಾವ್ರು ಕರೆಸಿ ಹೇಳಿದರು.

"ಎರಡನ್ನೂ ಮಾಡು. ಬಂದೋರು ನೋಡ್ಲಿ. ನಾನೂ ನೋಡ್ತೀನಿ, ಯಾವ್ದು ಕೊಡೋದು ಅಂತ."

"ಕಾರಿನ ಸೀಟು ನಾನು ಯಾವತ್ತೂ ಹೊಲಿದಿಲ್ಲ ಅಮ್ಮಾ."

"ಹಾಸ್ಗೆ ಹೊಲೀತೀಯಲ್ಲ. ಇದೂ ಅದೇ, ಕೂತ್ಕೊಳ್ಳೋ ಹಾಸ್ಗೆ."

ಮರುದಿನ ಇಷ್ಟಲಿಂಗದ ಪೂಜೆ ಮುಗಿಸಿ ಶೆಡ್ಡಿಗೆ ಹೋದೆ. ಮೊದಲು ಹಿಡಿದದ್ದು ಕಪ್ಪು ಕಾರು. ಅದರ ಹಿಂದಿನ ಸೀಟು ಜಗಲಿಯಷ್ಟು ಅಗಲ, ನಾಲ್ಕು ಜನ ಕೂತು ಮಧ್ಯೆ ಒಂದು ಮಗುವನ್ನೂ ಕೂರಿಸಬಹುದು. ನನ್ನ ಮದುವೆಗೆ ಯಜಮಾನರು ಆ ಕಾರು ಕೊಟ್ಟಿದ್ದರು. ನನ್ನ ತವರು ಸಂಸೆಯಿಂದ ಇಲ್ಲಿಗೆ ಬರುವ ತಿರುವುಗಳಲ್ಲಿ ಅದೇ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡವಳು ನಾನು. ಹೆರಿಗೆ ನೋವು ಬಂದ ಹೆಣ್ಣಾಳುಗಳನ್ನು ಮೂಡಿಗೆರೆ ಆಸ್ಪತ್ರೆಗೆ ಸೇರಿಸಿದ್ದೂ ಆ ಸೀಟೇ.

ಚರ್ಮ ಬಿರಿದು ಹಪ್ಪಳದ ಹಾಗೆ ಎದ್ದಿತ್ತು. ಮೊಳೆ ಕಿತ್ತು, ಚರ್ಮ ಬಿಡಿಸಿ, ಅದನ್ನು ನೆಲದ ಮೇಲೆ ಹಾಸಿ, ಅಂಚಿನ ಸುತ್ತ ನ್ಯೂಸ್ ಪೇಪರ್ ಕತ್ತರಿಸಿ ಅಳತೆ ತೆಗೆದುಕೊಂಡೆ. ಸ್ಪ್ರಿಂಗುಗಳ ಮಧ್ಯೆ ಕೈ ಹಾಕಿದರೆ ಒಂದು ಸಂಸಾರವೇ ಸಿಕ್ಕಿತು: ತಲೆಪಿನ್ನು, ಒಣಗಿದ ಮಲ್ಲಿಗೆಯ ನಾರು, ಕಿತ್ತಳೆ ಬೀಜ, ಕುಂಕುಮದ ಭರಣಿಯ ಮುಚ್ಚಳ, ಮಗುವಿನ ಒಂದು ಹಾಲುಹಲ್ಲು. ಹಲ್ಲು ಅಮ್ಮಾವ್ರ ಮಗಳದ್ದೇ ಇರಬೇಕು, ಈಗ ಮೈಸೂರಿನಲ್ಲಿ ಸಂಸಾರ ಮಾಡುತ್ತಿರುವವಳದ್ದು. ಕಾಗದದಲ್ಲಿ ಕಟ್ಟಿಟ್ಟೆ.

ತೊಂದರೆ ಶುರುವಾದದ್ದು ಹೊಲಿಗೆಯಲ್ಲಿ. ಚರ್ಮದ ಬದಲಿಗೆ ತರಿಸಿದ್ದ ರೆಕ್ಸಿನ್ ಮಶೀನಿನ ಪಾದಕ್ಕೆ ಅಂಟಿಕೊಂಡು ಮುಂದೆ ಹೋಗಲೊಲ್ಲದು. ಎಳೆದರೆ ಹೊಲಿಗೆ ಉದ್ದವಾಗುತ್ತದೆ, ಬಿಟ್ಟರೆ ಒಂದೇ ಕಡೆ ನಾಲ್ಕು ಸಲ ಕುಟ್ಟುತ್ತದೆ. ನಾಲ್ಕು ಪದರ ಬಂದಲ್ಲಿ ಸೂಜಿ ಟಪ್ಪೆಂದು ಮುರಿಯಿತು.

"ಸ್ವಲ್ಪ ಇಬತ್ತಿ ಉದುರ್ಸು, ಜಾರ್ತದೆ," ಎಂದರು ನಮ್ಮವರು.

"ಬಾಯಲ್ಲಿ ಬರ್ಬಾರದ್ದು ಬರ್ತದಲ್ಲ ನಿಮ್ಗೆ! ಹಣೆಗೆ ಹಚ್ಚೋದನ್ನ ಕೂತ್ಕೊಳ್ಳೋ ಜಾಗಕ್ಕೆ ಹಾಕ್ತಾರಾ?"

ಎಂಜಿನ್ ನೋಡಲು ಬಂದಿದ್ದ ಬಣಕಲ್‌ನ ಮೆಕ್ಯಾನಿಕ್ ಸಾಹೇಬರು ಕಾರಿನ ಕೆಳಗಿನಿಂದಲೇ ನಕ್ಕರು. "ತಗೊಳ್ಳಿ ಅಕ್ಕ, ನಮ್ಮ ಕಡೆ ವಿಭೂತಿ ಇದು," ಎಂದು ಟ್ಯೂಬಿಗೆ ಹಾಕುವ ಬಿಳೀ ಪುಡಿಯ ಡಬ್ಬಿ ಹೊರಗೆ ತಳ್ಳಿದರು. ಅದನ್ನು ಸವರಿದ ಮೇಲೆ ರೆಕ್ಸಿನ್ ಬೆಣ್ಣೆಯ ಹಾಗೆ ಜಾರಿತು. ದಪ್ಪ ಬಂದ ಅಂಚುಗಳನ್ನು ಮಶೀನಿಗೆ ಕೊಡದೆ, ದಾರಕ್ಕೆ ಜೇನುಮೇಣ ಎಳೆದು ದಬ್ಬಳದಲ್ಲಿ ಕೈಯಿಂದಲೇ ಹೊಲಿದೆ. ಆರು ದಿನಕ್ಕೆ ಕಪ್ಪು ಕಾರು ಮುಗಿಯಿತು.

ಸಂಜೆ ದೀಪ ಹಚ್ಚುವಾಗ ಆ ದಿನದ ಒಳ್ಳೆಯದು ಮೂರನ್ನು ಬೆರಳಲ್ಲಿ ಎಣಿಸಬೇಕು ಎಂದು ನನ್ನ ಅವ್ವ ಕಲಿಸಿದ್ದಳು. ಆ ದಿನ ಎಣಿಸಿದೆ: ಮುರಿದದ್ದು ಒಂದೇ ಸೂಜಿ, ಸಾಹೇಬರ ಪುಡಿ, ಬೆರಳಿಗೆ ದಬ್ಬಳ ಚುಚ್ಚಿದರೂ ಕೀವಾಗಲಿಲ್ಲ. ಶಿವ ದೊಡ್ಡವನು.

ಏಳನೆಯ ದಿನ ಕೆಂಪು ಕಾರು.

ಆ ಕಾರಿನ ಮೇಲೆ ನನಗೆ ಒಂದು ಆಸೆ ಇತ್ತು. ಈಗ ಬರೆಯುವುದಕ್ಕೆ ಏನು ಸಂಕೋಚ. ಯಜಮಾನರು ಊರಲ್ಲಿಲ್ಲದಾಗ, ಅವರು ತೀರಿಕೊಂಡ ಮೇಲೂ, ಬ್ಯಾಟರಿ ಸಾಯಬಾರದೆಂದು ನಮ್ಮವರು ವಾರಕ್ಕೊಮ್ಮೆ ಅದನ್ನು ಎಸ್ಟೇಟಿನ ದಾರಿಯಲ್ಲಿ ಒಂದು ಸುತ್ತು ಓಡಿಸುತ್ತಿದ್ದರು. ಬಟ್ಟೆ ಹರವುತ್ತಾ ನಾನು ನೋಡುತ್ತಿದ್ದೆ. ಎಡಗಡೆಯ ಸೀಟು ಖಾಲಿ. ಒಂದೇ ಒಂದು ಸಲ ಅದರಲ್ಲಿ ಕೂತು, ಕೂದಲು ಹಾರಿಸಿಕೊಂಡು, ಕಾಫಿ ಹೂವಿನ ಮಧ್ಯೆ ಹೋಗಬೇಕೆಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಕೇಳಲಿಲ್ಲ. ಕೇಳಿದ್ದರೂ ಅವರು ಕೂರಿಸುತ್ತಿರಲಿಲ್ಲ. ಧಣಿಗಳ ಸೀಟು ಧಣಿಗಳಿಗೆ ಎನ್ನುವ ನೇಮದ ಮನುಷ್ಯ.

ಕಪ್ಪು ಕಾರಿಗೆ ಹತ್ತಬೇಕು, ಕೆಂಪು ಕಾರಿಗೆ ಇಳಿಯಬೇಕು. ಬಚ್ಚಲ ಒಲೆಯ ಮುಂದೆ ಮಣೆಯ ಮೇಲೆ ಕಾಲು ನೀಡಿ ಕೂತ ಹಾಗೆ ಅದರಲ್ಲಿ ಕೂರುವುದು. ಕಪ್ಪು ಕಾರಿನ ಗೇರು ಒನಕೆಯಷ್ಟು ಉದ್ದ, ಇದರದ್ದು ಕುಟ್ಟಾಣಿಯ ಗುಂಡಿನಷ್ಟು. ಅದರ ಸೀಟು ಎಲ್ಲರನ್ನೂ ಸುಧಾರಿಸಿಕೊಳ್ಳುತ್ತದೆ. ಇದರದ್ದು ಒಬ್ಬೊಬ್ಬರ ಮೈಯನ್ನೂ ಎರಡು ಕೈಯಲ್ಲಿ ಹಿಡಿದ ಹಾಗೆ ಹಿಡಿಯುತ್ತದೆ.

ಡ್ರೈವರ್ ಸೀಟು ಬಿಚ್ಚಿದೆ. ಒಳಗಿನ ರಬ್ಬರ್ ಸ್ಪಂಜು ಹಳೇ ರವೆಯ ಹಾಗೆ ಪುಡಿಯಾಗಿತ್ತು. ಸ್ಪ್ರಿಂಗುಗಳು ಮಧ್ಯದಲ್ಲಿ ಬಟ್ಟಲಿನ ಹಾಗೆ ತಗ್ಗಿದ್ದವು, ಯಜಮಾನರ ಭಾರಕ್ಕೆ. ಅವುಗಳನ್ನು ಹುರಿಯಿಂದ ಬಿಗಿದು, ಗೋಣಿ ಹಾಸಿ, ತೆಂಗಿನ ನಾರು ಹಾಕಿದೆ. ಮೇಲಕ್ಕೆ ಮೆತ್ತಗಿನದು ಏನು? ಸ್ಪಂಜು ಆ ದಿನಗಳಲ್ಲಿ ಬಣಕಲ್‌ನಲ್ಲಿ ಸಿಗುವ ವಸ್ತುವಲ್ಲ. ದಿಂಬಿಗೆ ಇಟ್ಟಿದ್ದ ನನ್ನ ಬೂರುಗದ ಹತ್ತಿಯನ್ನೇ ತಂದೆ.

ಇಲ್ಲಿ ನನ್ನ ಮನಸ್ಸಿನ ಒಂದು ಓರೆಯನ್ನು ಹೇಳಿಬಿಡಬೇಕು. ಕೆಂಪು ಕಾರಿನ ಸೀಟು ಚೆನ್ನಾಗಿ ಬಂದರೆ ಮಂಗಳೂರಿನವರ ಕಣ್ಣು ಅದರ ಮೇಲೆ ಬೀಳುತ್ತದೆ, ಕಪ್ಪು ಉಳಿಯುತ್ತದೆ, ನಮ್ಮ ಮನೆಯೂ ಉಳಿಯುತ್ತದೆ ಎಂಬ ಲೆಕ್ಕ ನನ್ನದು. ಆ ಆಸೆಯಲ್ಲಿ ಹತ್ತಿಯನ್ನು ಬಿಸಿಲಿಗೆ ಉಬ್ಬಿಸಿ, ಒತ್ತಿ ಒತ್ತಿ ತುಂಬಿದೆ. ಹಾಸಿಗೆ ಹೊಲಿಯುವವರ ರೂಢಿಯೇ ಅದು: ಕೂತ ಮೇಲೆ ಇಳಿಯುತ್ತದೆಂದು ಮೂರನೇ ಒಂದು ಪಾಲು ಹೆಚ್ಚಿಗೆ ತುಂಬುವುದು. ಬೆನ್ನಿಗೂ ಹಾಗೆಯೇ ಮಾಡಿದೆ. ಕೆಳಗೆ ಸ್ಪ್ರಿಂಗ್ ಇದೆ, ಅದು ಹತ್ತಿಯನ್ನು ಇಳಿಯಲು ಬಿಡುವುದಿಲ್ಲ ಎಂಬುದು ಹೊಳೆಯಲೇ ಇಲ್ಲ.

ನಮ್ಮವರು ಕೂತು ನೋಡಿದರು. ಮಂಡಿ ಸ್ಟೇರಿಂಗಿಗೆ ಸಿಕ್ಕಿಕೊಂಡಿತು, ತಲೆ ಹುಡ್ಡಿಗೆ ತಾಗಿತು.

"ಅಕ್ಕ, ಇದು ಕಾರಿನ ಸೀಟಾ, ಮದುಮಗನ ಹಾಸಿಗೆಯಾ?" ಎಂದರು ಸಾಹೇಬರು.

"ನಗ್ಬೇಡಿ ಸಾಹೇಬ್ರೇ. ಮೊದ್ಲು ನನ್ನನ್ನ ಹೊರಗೆ ಎಳೀರಿ," ಎಂದರು ನಮ್ಮವರು. ಆಮೇಲೆ ನನ್ನ ಕಡೆ ತಿರುಗಿ, "ಬರೋರು ನನಗಿಂತ ಗೇಣುದ್ದ ಎತ್ತರ ಇದಾರಂತೆ. ಎರಡು ಇಂಚು ತಗ್ಗಿಸು," ಎಂದರು.

ಬಿಚ್ಚುವ ಮೊದಲು ಎಡಗಡೆಯದನ್ನು ನೋಡೋಣವೆಂದು ಅದರ ಮೊಳೆ ಕಿತ್ತೆ. ಕೈ ಹಾಕಿ ಹುಡುಕಿದೆ. ಒಂದು ತಲೆಪಿನ್ನಿಲ್ಲ, ಒಂದು ಹೂವಿನ ನಾರಿಲ್ಲ. ಸ್ಪಂಜು ವಯಸ್ಸಿಗೆ ಪುಡಿಯಾಗಿತ್ತು ನಿಜ, ಆದರೆ ಸ್ಪ್ರಿಂಗುಗಳು ಒಂದೇ ಮಟ್ಟಕ್ಕೆ ನಿಂತಿದ್ದವು. ಅವುಗಳ ಮೇಲಿನ ಕಪ್ಪು ಬಣ್ಣ ಕೂಡ ಮಾಸಿರಲಿಲ್ಲ. ಅಷ್ಟು ವರ್ಷ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ.

ಅವನ್ನೇ ನೋಡುತ್ತಾ ಕೂತಿದ್ದೆ. ಹಿಂದೆ ಅಮ್ಮಾವ್ರು ಬಂದು ನಿಂತದ್ದು ಗೊತ್ತಾಗಲಿಲ್ಲ.

"ಹೊಸದಿದ್ದಂಗೇ ಇದೆ, ಅಲ್ವಾ?"

"ಹೌದಮ್ಮಾ."

"ಕಾರು ತಂದ ದಿನ ಯಜಮಾನ್ರು ಕರೆದ್ರು. ನಮ್ಮತ್ತೆ ಜಗಲೀಲಿ ಕೂತಿದ್ರು. ತಲೆ ಮೇಲೆ ಸೂರಿಲ್ದೇ ಇರೋ ಗಾಡೀಲಿ ಮನೆ ಸೊಸೆ ಪೇಟೆ ಸುತ್ತೋದಾ ಅಂದ್ರು. ನಾನು ಒಳಗೆ ಹೋದೆ. ಅತ್ತೆ ತೀರ್ಕೊಂಡ್ಮೇಲೂ ಅವರು ಕರೀಲಿಲ್ಲ. ನನಗೆ ಕೇಳೋಕೆ ನಾಚಿಕೆ ಆಯ್ತು ಕಣೆ. ಅಷ್ಟೇ. ಹಂಗೇ ವರ್ಷ ಹೋಯ್ತು."

ಇಷ್ಟು ಹೇಳಿ ಅವರು ಬಾಗಿಲು ತೆಗೆದು, ನಾನು ಉಬ್ಬಿಸಿಟ್ಟಿದ್ದ ಡ್ರೈವರ್ ಸೀಟಿನಲ್ಲಿ ಕೂತರು. ಅಮ್ಮಾವ್ರಿಗೆ ಕಾರು ಓಡಿಸಲು ಬರುತ್ತಿತ್ತು. ಕಾಫಿ ಒಣಗಿಸುವ ಕಣ ಖಾಲಿ ಇದ್ದಾಗ ಯಜಮಾನರು ಕಪ್ಪು ಕಾರಿನಲ್ಲಿ ಸುತ್ತು ಹೊಡೆಸಿ ಕಲಿಸಿದ್ದರು. ಆದರೆ ಅವರು ಗಿಡ್ಡ ಆಳು. ಯಜಮಾನರು ಹೋದ ಮೇಲೆ ಒಂದು ದಿನ ಕೆಂಪು ಕಾರಿನಲ್ಲಿ ಕೂತು ನೋಡಿ, ಸ್ಟೇರಿಂಗ್ ಬಿಟ್ಟು ಬೇರೇನೂ ಕಾಣದೆ ಇಳಿದುಬಿಟ್ಟಿದ್ದರಂತೆ. ಈಗ ನನ್ನ ಹತ್ತಿ ಅವರನ್ನು ಎತ್ತಿ ಹಿಡಿದಿತ್ತು, ಬೆನ್ನನ್ನು ಮುಂದಕ್ಕೆ ತಳ್ಳಿತ್ತು. ತುಕ್ಕು ಹಿಡಿದಿದ್ದ ಸೀಟಿನ ಹಳಿಗೆ ಸಾಹೇಬರು ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರು. ಅಮ್ಮಾವ್ರು ಸೀಟು ಮುಂದೆ ಎಳೆದುಕೊಂಡರು. ಕಾಲು ಎಟುಕಿತು.

"ಬಾನೆಟ್ಟಿನ ತುದಿ ಕಾಣ್ತದೆ," ಎಂದರು. ಅವರ ಮುಖ ಹುಡುಗಿಯ ಮುಖವಾಗಿತ್ತು.

ನಮ್ಮವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಇದನ್ನ ತಗ್ಗಿಸ್ಬೇಕು ಅಂತಿದ್ರಿ. ಏನೇ, ತಗ್ಗಿಸ್ಬೇಕಾ? ಹೊಲ್ದೋಳು ನೀನು, ನೀನೇ ಹೇಳು," ಎಂದರು ಅಮ್ಮಾವ್ರು.

ಹೌದು ಎಂದರೆ ಮುಗಿಯುತ್ತಿತ್ತು. ಬರುವವರು ಎತ್ತರದವರು, ಅವರು ಕೂರಲಾಗುವುದಿಲ್ಲ ಎನ್ನುವುದು ಸುಳ್ಳೂ ಅಲ್ಲ. ಅಮ್ಮಾವ್ರು ಇಳಿಯುತ್ತಿದ್ದರು, ಕೆಂಪು ಹೋಗುತ್ತಿತ್ತು, ಮನೆ ಉಳಿಯುತ್ತಿತ್ತು. ಆದರೆ ಮಾಸದ ಬಣ್ಣದ ಆ ಸ್ಪ್ರಿಂಗುಗಳು ಇನ್ನೂ ನನ್ನ ಕಾಲ ಬಳಿ ಬಿಚ್ಚಿಕೊಂಡು ಬಿದ್ದಿದ್ದವು. ಅವುಗಳ ಎದುರಿಗೆ ಆ ಮಾತು ಬಾಯಿಂದ ಹೊರಡಲಿಲ್ಲ.

"ನಿಮ್ಗೆ ಸರಿಯಾಗಿದೆ ಅಮ್ಮಾ. ಹಾಗೇ ಇರ್ಲಿ," ಎಂದೆ.

ಮನೆಗೆ ಬಂದು ನಮ್ಮವರು ಕೈಕಾಲು ತೊಳೆದುಕೊಳ್ಳುವಾಗ, "ಸಂಸೇಲಿ ನಿಮ್ಮಣ್ಣನ ಮನೆ ಜಗಲಿ ಎಷ್ಟು ಅಗಲ ಉಂಟು?" ಎಂದು ಕೇಳಿದರು.

"ಇಬ್ರು ಮಲಗ್ಬೋದು," ಎಂದೆ.

"ಹಂಗಾರೆ ಸರಿ."

ಬೈಯಲಿಲ್ಲ. ಆ ಸಂಜೆ ದೀಪದ ಮುಂದೆ ಎಣಿಸಲು ಹೊರಟಾಗ ಆ ಒಂದೇ ಸಿಕ್ಕಿತು. ಅದರ ಮೇಲೇ ಬೆರಳು ಇಟ್ಟುಕೊಂಡು ಕೂತಿದ್ದೆ.

ಎಡಗಡೆಯ ಸೀಟನ್ನು ಮುಂಚೆ ಇದ್ದ ಮಟ್ಟಕ್ಕೇ ಹೊಲಿದೆ, ತಗ್ಗಾಗಿ. ಒಂದು ಸಲ ತಪ್ಪಿದ ಕೈ ಮತ್ತೆ ತಪ್ಪಬಾರದೆಂದು ಇಂಚಿನ ಟೇಪು ಹಿಡಿದು ಮೂರು ಕಡೆ ಅಳೆದೆ. ಭಾನುವಾರಕ್ಕೆ ಎರಡು ದಿನವಿರುವಾಗ ಬೆಳಿಗ್ಗೆ ಅಮ್ಮಾವ್ರು ನಮ್ಮ ಮನೆಯ ಮುಂದೆಯೇ ಕೆಂಪು ಕಾರು ತಂದು ನಿಲ್ಲಿಸಿದರು. ಹುಡ್ ಮಡಚಿತ್ತು.

"ದೇವರಮನೆ ಬೆಟ್ಟದ ಭೈರವನ ಗುಡಿಗೆ ಹೋಗಿ ಬರೋಣ. ಕಾಯಿ ತಗೋ. ಬಾ, ಕೂರು."

"ಅಮ್ಮಾ, ಅದರಲ್ಲಿ ನಾನಾ?"

"ಸೀಟು ಹೊಲ್ದೋಳು ಕೂತು ನೋಡ್ದೇ ಇದ್ರೆ ಹೆಂಗೆ? ಚುಚ್ತದೋ ಇಲ್ವೋ ನನಗೆ ಹೇಳೋರ್ಯಾರು?"

ನಮ್ಮವರು ಕಪ್ಪು ಕಾರು ಒರೆಸುತ್ತಿದ್ದ ಬಟ್ಟೆ ಹಿಡಿದುಕೊಂಡೇ ನಿಂತಿದ್ದರು. "ಹೋಗು," ಎಂದು ತಲೆ ಆಡಿಸಿದರು.

ಹಿಂದಿನ ವಾರ ಕಾಫಿ ಅರಳಿಸುವ ಹೂಮಳೆ ಬಿದ್ದಿತ್ತು. ಗಿಡದ ಮೇಲೆಲ್ಲ ಕಾಫಿ ಹೂವು, ಬಿಳಿ ಬಿಟ್ಟು ಬೇರೆ ಬಣ್ಣ ಕಾಣದಷ್ಟು. ತೋಟದ ದಾರಿಯಲ್ಲಿ ಆ ತಗ್ಗಿನ ಸೀಟಿನಲ್ಲಿ ಕೂತರೆ ಹೂವು ಮುಖದ ಮಟ್ಟಕ್ಕೇ ಬರುತ್ತದೆ. ಗಾಳಿಗೆ ಸೆರಗು ನಿಲ್ಲಲಿಲ್ಲ, ಕೂದಲು ಬಿಚ್ಚಿತು, ಕಣ್ಣಲ್ಲಿ ನೀರು ಬಂತು. ಅಮ್ಮಾವ್ರು ತಿರುವಿನಲ್ಲಿ ಹಲ್ಲು ಕಚ್ಚಿ ಗೇರು ಬದಲಿಸುತ್ತಿದ್ದರು, ಎದುರಿಗೆ ಬಸ್ಸು ಬಂದಾಗ "ಶಿವಾ ಶಿವಾ" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು, ಆಮೇಲೆ ಒಟ್ಟಿಗೆ ನಕ್ಕೆವು. ಎಷ್ಟೋ ವರ್ಷದ ನನ್ನ ಆಸೆ ಹಾಗೆ ತೀರಿತು. ತೀರುತ್ತಿರುವಾಗಲೇ ಒಂದು ವಿಷಯ ಗೊತ್ತಾಯಿತು: ನಾನು ಕೂತದ್ದು ನನ್ನ ಜಾಗದಲ್ಲಲ್ಲ.

ಭೈರವನಿಗೆ ಕಾಯಿ ಒಡೆಸಿ, ಹಿಂದಿರುಗಿ ಹುಲ್ಲುಗುಡ್ಡದ ಹತ್ತಿರ ಬಂದಾಗ ಅಮ್ಮಾವ್ರು ಕಾರು ನಿಲ್ಲಿಸಿ ಎಂಜಿನ್ ಆರಿಸಿದರು.

"ಸ್ವಲ್ಪ ಇಳೀತೀಯಾ?"

ಇಳಿದೆ. ಅವರೂ ಇಳಿದು, ಸುತ್ತಿ ಬಂದು, ಎಡಗಡೆಯ ಸೀಟಿನಲ್ಲಿ ಕೂತರು. ನಾನು ಬಾಗಿಲು ಹಿಡಿದು ನಿಂತಿದ್ದೆ. ಡ್ರೈವರ್ ಸೀಟು ಖಾಲಿ. ಗುಡ್ಡದ ಮೇಲೆ ಮಂಜು ಹತ್ತುತ್ತಿತ್ತು. ಅವರು ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಬಾಗಿಲಾಚೆ ಯಾರೋ ಬರುವುದನ್ನು ಕಾಯುವವರ ಹಾಗೆ ಬಹಳ ಹೊತ್ತು ಕೂತಿದ್ದರು.

"ಇಲ್ಲಿಂದ ದಾರಿ ಕಾಣಲ್ಲ ಕಣೆ," ಎಂದರು ಕಡೆಗೆ. "ಆಕಾಶ ಮಾತ್ರ ಕಾಣ್ತದೆ."

"ತಗ್ಗಾಯ್ತೇನೋ ಅಮ್ಮಾ."

"ಇಲ್ಲ, ಸರಿ ಇದೆ. ಇಲ್ಲಿ ಕೂತೋರಿಗೆ ದಾರಿ ಯಾಕೆ? ನೋಡ್ಕೊಳ್ಳೋರು ಪಕ್ಕದಲ್ಲಿರ್ತಾರಲ್ಲ." ಅವರು ಖಾಲಿ ಸೀಟಿನ ಮೇಲೆ ಕೈ ಇಟ್ಟರು. ನನ್ನ ಹತ್ತಿ ಅವರ ಅಂಗೈ ಕೆಳಗೆ ಉಬ್ಬಿಕೊಂಡಿತ್ತು. "ನಂಗೆ ಓಡಿಸೋ ಆಸೆ ಇರ್ಲಿಲ್ಲ. ಇದೊಂದೇ ಇದ್ದದ್ದು. ಇದು ಯಾವ ಕಾರು ಇಟ್ಕೊಂಡ್ರೂ ಸಿಗಲ್ಲ."

ಪ್ರಸಾದದ ಹೂವು ನನ್ನ ಕೈಯಲ್ಲಿತ್ತು. ಅವರಿಗೆ ಕೊಟ್ಟೆ. ಮುಡಿಯುವ ಹಾಗಿಲ್ಲವೆಂದು ಅವರು ಅದನ್ನು ಕಣ್ಣಿಗೊತ್ತಿಕೊಂಡು ಸೀಟಿನ ಸಂದಿಯಲ್ಲಿ ಇಟ್ಟರು.

"ನಾಳೆ ಆ ಸೀಟು ತಗ್ಗಿಸು," ಎಂದರು ಎದ್ದು. "ಈ ಕಾರನ್ನೇ ಕೊಡ್ತೀನಿ."

ಮರುದಿನ ಡ್ರೈವರ್ ಸೀಟಿನ ಹೊಲಿಗೆ ಬಿಚ್ಚಿ, ಎರಡು ಇಂಚಿನಷ್ಟು ಹತ್ತಿ ತೆಗೆದು, ಬೆನ್ನಿನದನ್ನೂ ಇಳಿಸಿ, ಅದೇ ತೂತುಗಳಲ್ಲಿ ದಬ್ಬಳ ಹಾಕಿ ಮತ್ತೆ ಹೊಲಿದೆ. ಬೇರೆ ತೂತು ಬಿದ್ದರೆ ರೆಕ್ಸಿನ್ ಹರಿಯುತ್ತದೆ. ನಮ್ಮವರು ಕೂತು ನೋಡಿ, ಸರಿ ಎಂದರು. ಎಡಗಡೆಯದನ್ನು ನಾನು ಮುಟ್ಟಲಿಲ್ಲ.

ಭಾನುವಾರ ಬಂದವರು ಎತ್ತರದ ಮನುಷ್ಯ, ಮರ್ಯಾದಸ್ಥರು. ಎರಡೂ ಕಾರನ್ನು ಸುತ್ತು ಹಾಕಿ ನೋಡಿದರು. ಕೆಂಪು ಕಾರಿನಲ್ಲಿ ಕೂತು, ಪಕ್ಕದ ಸೀಟನ್ನು ಅಂಗೈಯಿಂದ ಒತ್ತಿದರು.

"ಈ ಕಡೆ ಸ್ಪ್ರಿಂಗ್ ಹೊಸದಿದ್ದ ಹಾಗಿದೆಯಲ್ಲ," ಎಂದರು.

"ಹೌದು. ಹೊಸದೇ," ಎಂದರು ಅಮ್ಮಾವ್ರು.

ಕಾರು ಗೇಟು ದಾಟುವವರೆಗೆ ಅವರು ಜಗಲಿಯಲ್ಲಿ ನಿಂತಿದ್ದರು, ಹಿಂದೆಲ್ಲ ಯಜಮಾನರು ಒಬ್ಬರೇ ಹೊರಟಾಗ ನಿಲ್ಲುತ್ತಿದ್ದ ಕಂಬದ ಪಕ್ಕದಲ್ಲೇ. ಸದ್ದು ಹೆದ್ದಾರಿ ಸೇರಿ ಕೇಳದಂತಾದ ಮೇಲೆ ನಾನು ಹಾಲುಹಲ್ಲಿನ ಕಾಗದದ ಪೊಟ್ಟಣ ಅವರ ಕೈಗೆ ಕೊಟ್ಟೆ. ಬಿಚ್ಚಿ ನೋಡಿದರು. ಮುಷ್ಟಿ ಮುಚ್ಚಿಕೊಂಡು ಒಳಗೆ ಹೋದರು.

ನಮ್ಮವರು ಕಪ್ಪು ಕಾರಿನ ಹಲಗೆ ಒರೆಸುತ್ತಿದ್ದರು. ಉಳಿದ ಮನೆ, ಉಳಿದ ಕೆಲಸ, ಬೈಯದ ಗಂಡ. ಮೂರೂ ಬೆರಳಿಗೆ ಬಂದವು. ಸಂಜೆಗೆ ಇನ್ನೂ ಹೊತ್ತಿತ್ತು. ಸೀಟಿನಿಂದ ತೆಗೆದ ಹತ್ತಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಮೂಗಿಗೆ ಸೆರಗು ಕಟ್ಟಿಕೊಂಡು, ದಿಂಬಿನ ಚೀಲದ ಬಾಯಿ ಬಿಡಿಸಿದೆ.